ಹಳೇ ಗಾಡಿಗೆ ಯಾವ ಇಂಜಿನ್ ಆಯಿಲ್ ಹಾಕಬೇಕು?

ಪದ್ಮಿನಿ, ಅಂಬಾಸಿಡರ್, ವಿಲ್ಲೀಸ್ ಜೀಪು, ಹಳೇ ಬುಲೆಟ್, ಯೆಜ್ಡಿ. ಇವುಗಳಲ್ಲಿ ಒಂದನ್ನು ಮನೆಯಲ್ಲಿ ಇಟ್ಟುಕೊಂಡವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಆಯಿಲ್ ಯಾವುದು ಹಾಕ್ಲಿ?" ತಾತನ ಗಾಡಿಯನ್ನು ನಿನ್ನೆ ಮೊನ್ನೆ ಶೆಡ್ಡಿನಿಂದ ಎಳೆದವರೂ ಇದನ್ನೇ ಕೇಳುತ್ತಾರೆ, ಹತ್ತು ವರ್ಷದಿಂದ ಓಡಿಸುತ್ತಿರುವವರೂ ಇದನ್ನೇ ಕೇಳುತ್ತಾರೆ. ಅಂಗಡಿಯವರು ಒಂದು ಹೇಳುತ್ತಾರೆ, ಮೆಕ್ಯಾನಿಕ್ ಇನ್ನೊಂದು ಹೇಳುತ್ತಾರೆ, ರ್‍ಯಾಲಿಗೆ ಬಂದ ಗೆಳೆಯರು ಮೂರನೆಯದನ್ನು ಹೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಮೊದಲೇ ಉತ್ತರ. ನಿಮ್ಮದು ನಾಲ್ಕು ಸ್ಟ್ರೋಕಿನ ಹಳೇ ಪೆಟ್ರೋಲ್ ಇಂಜಿನ್, ಸ್ಥಿತಿ ತಕ್ಕಮಟ್ಟಿಗೆ ಚೆನ್ನಾಗಿದೆ ಅಂದರೆ, ನಮ್ಮ ಹವೆಗೆ ಒಳ್ಳೆ ಕಂಪನಿಯ 20ಡಬ್ಲ್ಯೂ-50 ಮಿನರಲ್ ಆಯಿಲ್ ಹಾಕಿ, ಗಾಡಿ ಓಡಲಿ ಬಿಡಲಿ ವರ್ಷಕ್ಕೊಮ್ಮೆ ಬದಲಾಯಿಸಿ. ನೂರಕ್ಕೆ ಎಪ್ಪತ್ತು ಎಂಬತ್ತು ಗಾಡಿಗಳಿಗೆ ಇಷ್ಟು ಸಾಕು ಅಂತ ನನ್ನ ಅನಿಸಿಕೆ. ನಿಮ್ಮ ಗಾಡಿ ಉಳಿದವುಗಳ ಸಾಲಿಗೆ ಸೇರಿದ್ದರೆ ಇಂಜಿನ್ ಹಾಳಾಗುವ ಸಾಧ್ಯತೆ ಇದೆ. ಅದಕ್ಕೇ ಮುಂದಿನದನ್ನೂ ಓದಿ.

ಇನ್ನೊಂದು ಮಾತು. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ವಿಂಟೇಜ್. ಅದಕ್ಕೆ 'ವಿಎ' ಅಕ್ಷರಗಳ ಬೇರೆ ನಂಬರ್ ಪಡೆಯಬಹುದು. ಹಾಗೆ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ಅಂದರೆ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಆಯಿಲ್ ಆರಿಸುವಾಗ ಇದನ್ನು ನೆನಪಿಡಿ, ಯಾಕೆಂದರೆ ಡಬ್ಬಿ ಮೇಲೆ ಬರೆದಿರುವ ಕಿಲೋಮೀಟರ್ ಲೆಕ್ಕ ಪ್ರತಿದಿನ ಓಡುವ ಗಾಡಿಯದ್ದು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು: ಗಾಡಿಯ ಜೊತೆ ಬಂದ ಪುಸ್ತಕ ಅಥವಾ ಅದರ ಜೆರಾಕ್ಸ್, ಬಿಳಿ ಹತ್ತಿ ಬಟ್ಟೆ, ಟಿಶ್ಯೂ ಕಾಗದ, ಅಗಲ ಬಾಯಿಯ ಟ್ರೇ, ಚಿಕ್ಕ ಮ್ಯಾಗ್ನೆಟ್, ಹೊಸ ಡ್ರೈನ್ ವಾಷರ್, ಹೊಸ ಫಿಲ್ಟರ್. ಆಯಿಲ್ ಪ್ರೆಶರ್ ಮೀಟರ್ ಇದ್ದರೆ ಬಹಳ ಒಳ್ಳೆಯದು.

1. ಇಂಜಿನ್ ಯಾವ ಬಗೆಯದು ಅಂತ ತಿಳಿದುಕೊಳ್ಳಿ

ಮೊದಲ ಪ್ರಶ್ನೆ: ಎರಡು ಸ್ಟ್ರೋಕಾ, ನಾಲ್ಕು ಸ್ಟ್ರೋಕಾ? ಜಾವಾ, ಯೆಜ್ಡಿ, ಲ್ಯಾಂಬ್ರೆಟಾ ಎರಡು ಸ್ಟ್ರೋಕಿನವು. ಅವುಗಳ ಲೆಕ್ಕವೇ ಬೇರೆ, 6ನೇ ಹಂತದಲ್ಲಿ ಹೇಳುತ್ತೇನೆ.

ನಾಲ್ಕು ಸ್ಟ್ರೋಕಿನದ್ದಾದರೆ ಎರಡನೇ ಪ್ರಶ್ನೆ: ಟ್ಯಾಪೆಟ್ ಹೇಗಿದೆ? ಕ್ಯಾಮ್‌ಶಾಫ್ಟ್ ಅಂದರೆ ವಾಲ್ವ್‌ಗಳನ್ನು ತೆರೆಯಲು ತಿರುಗುವ ಉಬ್ಬುಗಳಿರುವ ಕಂಬಿ. ಆ ಉಬ್ಬಿನ ಮೇಲೆ ಕೂತು ಮೇಲೆ ಕೆಳಗೆ ಆಡುವ ತುಂಡೇ ಟ್ಯಾಪೆಟ್. ಇವತ್ತಿನ ಎಷ್ಟೋ ಇಂಜಿನ್ನುಗಳಲ್ಲಿ ಈ ಜಾಗದಲ್ಲಿ ರೋಲರ್ ಇರುತ್ತದೆ, ಉರುಳಿಕೊಂಡು ಹೋಗುತ್ತದೆ. ಪದ್ಮಿನಿಯ 1089 ಸಿಸಿ ಇಂಜಿನ್, ಅಂಬಾಸಿಡರ್‌ನ 1489 ಸಿಸಿ ಬಿಎಂಸಿ ಇಂಜಿನ್, ಜೀಪಿನ ಹರಿಕೇನ್, ಹಳೇ ಬುಲೆಟ್, ಇವೆಲ್ಲದರಲ್ಲೂ ಟ್ಯಾಪೆಟ್‌ನ ತಳ ಚಪ್ಪಟೆ. ಅದು ಉರುಳುವುದಿಲ್ಲ, ಉಬ್ಬಿನ ಮೇಲೆ ಉಜ್ಜಿಕೊಂಡೇ ಹೋಗುತ್ತದೆ. ವಾಲ್ವ್ ಸ್ಪ್ರಿಂಗಿನ ಒತ್ತಡವೆಲ್ಲ ಒಂದು ಸಣ್ಣ ಗೆರೆಯಷ್ಟು ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಆಯಿಲಿನ ಜೊತೆ ಬರುವ ಸತುವಿನ ಒಂದು ರಾಸಾಯನಿಕ. ಅದರ ಕಥೆ 4ನೇ ಹಂತದಲ್ಲಿ.

ಮೂರನೆಯದು: ಫಿಲ್ಟರ್ ಯಾವ ಥರದ್ದು? ಜೀಪಿನಲ್ಲಿರುವುದು ಬೈಪಾಸ್ ಫಿಲ್ಟರ್, ಅಂದರೆ ಆಯಿಲಿನ ಒಂದು ಪಾಲು ಮಾತ್ರ ಫಿಲ್ಟರ್ ಹಾದು ಬರುತ್ತದೆ, ಉಳಿದದ್ದು ನೇರ ಬೇರಿಂಗಿಗೆ. ಇನ್ನೂ ಹಳೆಯ ಕೆಲವು ಇಂಜಿನ್ನುಗಳಲ್ಲಿ ಜಾಲರಿ ಬಿಟ್ಟರೆ ಏನೂ ಇಲ್ಲ. ಫಿಲ್ಟರ್ ಎಷ್ಟು ಬಡವಾಗಿದೆಯೋ ಆಯಿಲ್ ಅಷ್ಟು ಬೇಗ ಬದಲಾಯಿಸಬೇಕು.

2. ಈಗ ಒಳಗಿರುವ ಆಯಿಲ್ ನೋಡಿ

ಹೊಸ ಡಬ್ಬಿ ಕೊಳ್ಳುವ ಮೊದಲು ಈ ಕೆಲಸ. ಬಹಳ ಜನ ಇದನ್ನು ಬಿಟ್ಟೇ ಬಿಡುತ್ತಾರೆ.

ಇಂಜಿನ್ ಬಿಸಿ ಮಾಡಿ, ಆರಿಸಿ, ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆಯಿರಿ. ಬಿಳಿ ಬಟ್ಟೆಗೆ ಒರೆಸಿ, ಮತ್ತೆ ಅದ್ದಿ ತೆಗೆಯಿರಿ. ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಘಾಟಾಗಿ ಹೊಡೆದರೆ, ಜೊತೆಗೆ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದಿದೆ ಅಂತ ಅನುಮಾನಪಡಿ. ಇಂಜಿನ್ನಿನ ಪಕ್ಕದಲ್ಲಿ ಕೂರುವ ಹಳೇ ಮೆಕ್ಯಾನಿಕಲ್ ಪಂಪುಗಳಲ್ಲಿ ಡಯಾಫ್ರಂ ತೂತಾದರೆ ಪೆಟ್ರೋಲ್ ಸೀದಾ ಚೇಂಬರಿಗೆ, ಅಂದರೆ ಇಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ನನ್ನ ಗಾಡಿಯಲ್ಲೇ ಒಮ್ಮೆ ಹೀಗಾಯಿತು. ಮಟ್ಟ ಎರಡು ಬೆರಳು ಮೇಲಿತ್ತು, "ಆಯಿಲ್ ಕುಡಿಯುತ್ತಲೇ ಇಲ್ಲ, ಇಂಜಿನ್ ಗಟ್ಟಿ ಇದೆ" ಅಂತ ಖುಷಿಯಲ್ಲಿದ್ದೆ. ಮೂಸಿ ನೋಡಿದ ಮೇಲೆ ಗೊತ್ತಾಯಿತು. ಇಂಥ ಸ್ಥಿತಿಯಲ್ಲಿ ಎಂಥ ಆಯಿಲ್ ಹಾಕಿದರೂ ನೀರಾಗುತ್ತದೆ. ಮೊದಲು ಪಂಪ್ ಸರಿಮಾಡಿ, ಆಮೇಲೆ ಆಯಿಲ್.

ಆಯಿಲ್ ಹಾಕುವ ಮುಚ್ಚಳದ ಒಳಗಡೆ ಕಡೆದ ಬೆಣ್ಣೆಯ ಥರ ಬಿಳಿ ನೊರೆ ಇದೆಯಾ? ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ನಾಲ್ಕು ಹೆಜ್ಜೆ ಓಡಿಸಿ ನಿಲ್ಲಿಸುವ ಗಾಡಿಗೆ ಇದು ಬರುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಹೊರಗೆ ಹೋಗಿಲ್ಲ ಅಷ್ಟೇ. ಆದರೆ ಅದೇ ಬಿಳಿ ಡಿಪ್‌ಸ್ಟಿಕ್ ಮೇಲೂ ಕಂಡರೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ, ಹೆಡ್ ಪ್ಯಾಕಿಂಗ್ ಹೋಗಿರಬಹುದು. ಗಾಡಿ ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

ಈಗ ಒಂದು ಹನಿಯನ್ನು ಟಿಶ್ಯೂ ಕಾಗದದ ಮೇಲೆ ಬಿಟ್ಟು ಒಂದೆರಡು ಗಂಟೆ ಸುಮ್ನೆ ಇಡಿ. ಕಪ್ಪು ಬಣ್ಣ ನಡುವಿನಿಂದ ಅಂಚಿನ ಕಡೆಗೆ ನಿಧಾನಕ್ಕೆ ತಿಳಿಯಾಗುತ್ತ ಹರಡಿದ್ದರೆ ಆಯಿಲಿಗೆ ಇನ್ನೂ ಕೊಳೆ ಹೊತ್ತುಕೊಳ್ಳುವ ಶಕ್ತಿ ಇದೆ. ನಡುವೆ ಕಾಡಿಗೆಯ ಬೊಟ್ಟಿನ ಥರ ಗಾಢ ಕಪ್ಪು ಚುಕ್ಕೆ, ಅದರ ಅಂಚು ಚೂಪಾಗಿ ಕತ್ತರಿಸಿದಂತೆ, ಸುತ್ತ ಬರೀ ಎಣ್ಣೆಯ ಹಳದಿ ಉಂಗುರ: ಹೀಗಿದ್ದರೆ ಆ ಆಯಿಲ್ ಮುಗಿದಿದೆ. ಬಣ್ಣ ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತು ಅಂತ ಅಲ್ಲ, ಕೊಳೆ ತೊಳೆಯುವ ಆಯಿಲ್ ಕಪ್ಪಾಗಲೇಬೇಕು.

ಹೊಗೆಯನ್ನೂ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ ಸವೆದಿರಬಹುದು. ಎಕ್ಸಲರೇಟರ್ ಒತ್ತಿದಾಗೆಲ್ಲ ಬಂದರೆ ಪಿಸ್ಟನ್ ರಿಂಗ್ ಕಡೆ ನೋಡಿ.

3. ಡಬ್ಬಿ ಮೇಲಿನ ನಂಬರ್: ದಪ್ಪವೋ ತೆಳುವೋ

20ಡಬ್ಲ್ಯೂ-50, 15ಡಬ್ಲ್ಯೂ-40, 5ಡಬ್ಲ್ಯೂ-30 ಅಂತ ಬರೆದಿರುತ್ತಾರೆ ಅಲ್ವಾ? ಇದು ಗ್ರೇಡ್. ಆಯಿಲ್ ಎಷ್ಟು ದಪ್ಪ, ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಅಳತೆ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲ ನಂಬರ್ ತಣ್ಣಗಿದ್ದಾಗಿನ ಗುಣ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿನ ದಪ್ಪ.

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದೆ, ಬಿಸಿಲಿಗಿಟ್ಟರೆ ನೀರಿನಂತೆ ಸುರಿಯುತ್ತದೆ. ಇಂಜಿನ್ ಆಯಿಲಿನದ್ದೂ ಅದೇ ಸ್ವಭಾವ, ಅಷ್ಟು ಜೋರಾಗಿ ಅಲ್ಲ ಅಷ್ಟೇ. ಹಿಂದೆ ಇದ್ದದ್ದು ಒಂದೇ ನಂಬರಿನ ಆಯಿಲ್: 30 ಅಥವಾ 40. ಎರಡು ನಂಬರಿನದ್ದು, ಅಂದರೆ ಮಲ್ಟಿಗ್ರೇಡ್, ಆಮೇಲೆ ಬಂತು. ಬಿಸಿಯಾದಾಗ ತೀರಾ ತೆಳುವಾಗದಂತೆ ತಡೆಯುವ ಒಂದು ವಸ್ತುವನ್ನು ಅದರಲ್ಲಿ ಸೇರಿಸಿರುತ್ತಾರೆ.

100 ಡಿಗ್ರಿಯಲ್ಲಿ 30 ಗ್ರೇಡಿನ ದಪ್ಪ 9.3ರಿಂದ 12.5 ಸೆಂಟಿಸ್ಟೋಕ್ ಒಳಗೆ, 40ರದ್ದು 12.5ರಿಂದ 16.3ರ ಒಳಗೆ, 50ರದ್ದು 16.3ರಿಂದ 21.9ರ ಒಳಗೆ ಇರಬೇಕು ಅನ್ನುವುದು ಅಮೆರಿಕದ ಇಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ ನಿಯಮ. ಸೆಂಟಿಸ್ಟೋಕ್ ಅಂದರೆ ದಪ್ಪ ಅಳೆಯುವ ಮಾನ, ಅಷ್ಟು ತಿಳಿದರೆ ಸಾಕು.

ಮೊದಲ ನಂಬರ್ ಬಗ್ಗೆ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. 20ಡಬ್ಲ್ಯೂ ಆಯಿಲ್ ಚಳಿಯಲ್ಲಿ ಇಂಜಿನ್ ತಿರುಗಲು ಬಿಡುತ್ತದೋ ಇಲ್ಲವೋ ಅಂತ ಪರೀಕ್ಷಿಸುವುದೇ ಮೈನಸ್ 15 ಡಿಗ್ರಿಯಲ್ಲಿ. ಬೀದರಿನ ಡಿಸೆಂಬರ್ ಚಳಿಯೂ ಸೊನ್ನೆಗೆ ಇಳಿಯುವುದಿಲ್ಲ. ಹಾಗಾಗಿ 20ಡಬ್ಲ್ಯೂ ನಮ್ಮಲ್ಲಿ ಯಾವ ಊರಿಗೂ ಸಾಕು. ಕೆನಡಾದಲ್ಲೋ ಅಮೆರಿಕದ ಉತ್ತರದಲ್ಲೋ ಇರುವ ಕನ್ನಡಿಗರು ಹಳೇ ಗಾಡಿ ಇಟ್ಟುಕೊಂಡಿದ್ದರೆ ಅವರು ಈ ನಂಬರನ್ನು ಗಂಭೀರವಾಗಿ ನೋಡಬೇಕು.

ಎರಡನೇ ನಂಬರೇ ಮುಖ್ಯ. ಹಳೇ ಇಂಜಿನ್ನಿನಲ್ಲಿ ಬೇರಿಂಗಿಗೂ ಕ್ರ್ಯಾಂಕಿಗೂ (ಪಿಸ್ಟನ್ನುಗಳು ತಿರುಗಿಸುವ ಕಂಬಿ) ನಡುವಿನ ಸಂದು ಇವತ್ತಿನ ಇಂಜಿನ್ನಿಗಿಂತ ದೊಡ್ಡದು, ಸವೆದಿದ್ದರೆ ಇನ್ನೂ ದೊಡ್ಡದು. ಆ ಸಂದಿನಲ್ಲಿ ಆಯಿಲ್ ಪದರ ನಿಲ್ಲಬೇಕು. 5ಡಬ್ಲ್ಯೂ-30 ಥರದ ತೆಳು ಆಯಿಲ್ ಅಲ್ಲಿಂದ ಸುರಿದು ಹೋಗುತ್ತದೆ, ಪ್ರೆಶರ್ ಬೀಳುತ್ತದೆ. ಈಗ ಆರಿಸುವ ಕ್ರಮ ಹೀಗೆ:

ಪುಸ್ತಕದಲ್ಲಿ 20ಡಬ್ಲ್ಯೂ-50 ಅಂತಿದ್ದರೆ ಅದನ್ನೇ ಹಾಕಿ, ಯೋಚನೆ ಬೇಡ. ಬರೀ 40 ಅಂತಿದ್ದರೆ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ದೂರ ಓಡಿಸುವುದಾದರೆ 20ಡಬ್ಲ್ಯೂ-50ಗೆ ಏರಬಹುದು. ಯುದ್ಧಕಾಲದ ವಿಲ್ಲೀಸ್ ಜೀಪಿನ ಪುಸ್ತಕ ನೀರು ಹೆಪ್ಪುಗಟ್ಟದ ಹವೆಗೆಲ್ಲ 30 ಗ್ರೇಡ್ ಹೇಳುತ್ತದೆ. ಹೊಸದಾಗಿ ಬೋರ್ ಮಾಡಿಸಿದ ಇಂಜಿನ್ನಿಗೆ ಅದೇ ಸರಿ. ಸವೆದದ್ದಕ್ಕೆ ನಾನು 15ಡಬ್ಲ್ಯೂ-40 ಹಾಕುತ್ತೇನೆ, ತೀರಾ ಸವೆದಿದ್ದರೆ 20ಡಬ್ಲ್ಯೂ-50.

ಎಚ್ಚರ: ಹೊಗೆ ಬರುತ್ತಿದೆ, ಸದ್ದು ಬರುತ್ತಿದೆ ಅಂತ ಇನ್ನೂ ದಪ್ಪದ್ದು, ಇನ್ನೂ ದಪ್ಪದ್ದು ಅಂತ ಹೋಗಬೇಡಿ. ಗೇರ್ ಆಯಿಲ್ 90 ಬೆರೆಸುವವರನ್ನೂ ನೋಡಿದ್ದೇನೆ, ಅದು ಇಂಜಿನ್ನಿಗೆ ಮಾಡಿದ ಆಯಿಲೇ ಅಲ್ಲ. ದಪ್ಪ ಆಯಿಲ್ ಹಾಕಿದಾಗ ಪ್ರೆಶರ್ ಮುಳ್ಳು ಮೇಲೇರುತ್ತದೆ, ಎಲ್ಲ ಸರಿಹೋಯಿತು ಅನಿಸುತ್ತದೆ. ನಿಜಕ್ಕೂ ಆಗುವುದೇನೆಂದರೆ ಬೇರಿಂಗಿನ ಮೂಲಕ ಹರಿಯುವ ಆಯಿಲ್ ಕಡಿಮೆಯಾಗಿ ಅಲ್ಲಿನ ಬಿಸಿ ಹೊರಗೆ ಬರುವುದೂ ಕಡಿಮೆಯಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಮೇಲೆ ವಾಲ್ವ್ ಒತ್ತುವ ರಾಕರ್ ತನಕ ಆಯಿಲ್ ತಲುಪಲು ಜಾಸ್ತಿ ಹೊತ್ತು ಬೇಕು, ಅಷ್ಟು ಹೊತ್ತು ಲೋಹ ಒಣಗಿಯೇ ಉಜ್ಜುತ್ತದೆ. ರಿಂಗ್ ಸವೆದಿದ್ದರೆ ರಿಂಗ್ ಹಾಕಿಸಿ.

4. ಎಪಿಐ ಅಕ್ಷರಗಳು ಮತ್ತು ಸತುವಿನ ವಿಚಾರ

ಡಬ್ಬಿಯ ಹಿಂದೆ ಎಪಿಐ ಎಸ್‌ಎಲ್, ಎಸ್‌ಎನ್, ಎಸ್‌ಪಿ ಅಂತ ಇರುತ್ತದೆ. ಎಪಿಐ ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. 'ಎಸ್'ನಿಂದ ಶುರುವಾದರೆ ಪೆಟ್ರೋಲ್ ಇಂಜಿನ್ನಿನದ್ದು, 'ಸಿ'ಯಿಂದ ಶುರುವಾದರೆ ಡೀಸೆಲ್ ಇಂಜಿನ್ನಿನದ್ದು. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಎಸ್‌ಎಫ್ 1980ರದ್ದು, ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು.

ಹೊಸದಿದ್ದಷ್ಟೂ ಒಳ್ಳೆಯದು ಅಂತ ಎಲ್ಲರಿಗೂ ಅನಿಸುತ್ತದೆ. ಒಂದು ವಿಷಯದಲ್ಲಿ ಹಾಗಲ್ಲ. ಟ್ಯಾಪೆಟ್ ಕಾಯುವ ಸತುವಿನ ರಾಸಾಯನಿಕದ ಹೆಸರು ಝಡ್‌ಡಿಡಿಪಿ. ಅದರಲ್ಲಿ ಸತುವಿನ ಜೊತೆ ಫಾಸ್ಫರಸ್ ಇದೆ. ಉಜ್ಜುವ ಜಾಗ ಬಿಸಿಯಾದಾಗ ಇದು ಲೋಹದ ಮೇಲೆ ತೆಳು ಪದರ ಕಟ್ಟಿ, ತಾನು ಸವೆದು ಕ್ಯಾಮ್ ಉಳಿಸುತ್ತದೆ. ತೊಂದರೆ ಏನೆಂದರೆ, ಹೊಸ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಭಾಗ, ಅದನ್ನು ಫಾಸ್ಫರಸ್ ಹಾಳುಮಾಡುತ್ತದೆ. ಹಾಗಾಗಿ 2004ರ ಎಸ್‌ಎಂ ದರ್ಜೆಯಿಂದ ಮುಂದೆ 5ಡಬ್ಲ್ಯೂ-30, 10ಡಬ್ಲ್ಯೂ-30 ಥರದ ತೆಳು ಗ್ರೇಡುಗಳಲ್ಲಿ ಫಾಸ್ಫರಸ್ ಶೇ. 0.08 ಮೀರಬಾರದು ಅಂತ ಮಿತಿ ಹಾಕಿದರು. ರೋಲರ್ ಇರುವ ಹೊಸ ಇಂಜಿನ್ನಿಗೆ ಅಷ್ಟು ಸಾಕು. ಚಪ್ಪಟೆ ಟ್ಯಾಪೆಟ್ಟಿಗೆ ಅದು ಕಡಿಮೆ.

ಹೆದರಬೇಡಿ, ಇದರಲ್ಲಿ ಒಂದು ಸಮಾಧಾನದ ಅಂಶವಿದೆ. ಈ ಮಿತಿ 20ಡಬ್ಲ್ಯೂ-50 ಥರದ ದಪ್ಪ ಗ್ರೇಡಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಎಸ್‌ಎನ್ ಅಂತ ಬರೆದಿದ್ದರೂ 20ಡಬ್ಲ್ಯೂ-50 ಆಯಿಲಿನಲ್ಲಿ ಸತು ಬೇಕಾದಷ್ಟು ಇರಬಹುದು. ಖಚಿತ ಬೇಕಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಆ ಆಯಿಲಿನ ಡೇಟಾ ಶೀಟ್ ತೆಗೆದು ಸತು, ಫಾಸ್ಫರಸ್ ಪ್ರಮಾಣ ನೋಡಿ. ಶೇ. 0.10ರಿಂದ 0.12 ಫಾಸ್ಫರಸ್ ಇದ್ದರೆ ಹಳೇ ಇಂಜಿನ್ನಿಗೆ ನೆಮ್ಮದಿ. ಲಾರಿಗಳಿಗೆ ಹಾಕುವ 15ಡಬ್ಲ್ಯೂ-40 ಸಿಐ-4 ಡೀಸೆಲ್ ಆಯಿಲಿನಲ್ಲೂ ಸತು ಚೆನ್ನಾಗಿರುತ್ತದೆ, ಎಲ್ಲಾ ಊರಲ್ಲೂ ಸಿಗುತ್ತದೆ, ಡಬ್ಬಿಯ ಹಿಂಬದಿಯಲ್ಲಿ ಪೆಟ್ರೋಲ್ ದರ್ಜೆಯೂ ಬರೆದಿದ್ದರೆ ಹಳೇ ಪೆಟ್ರೋಲ್ ಜೀಪಿಗೆ ಧಾರಾಳವಾಗಿ ಹಾಕಬಹುದು. ಅದು ಕೊಳೆಯನ್ನು ಜೋರಾಗಿ ತೊಳೆಯುತ್ತದೆ, ಅದಕ್ಕೆ ಮುಂದಿನ ಹಂತ ಓದಿಕೊಂಡು ಹಾಕಿ.

ಸತುವಿನ ಪುಟ್ಟ ಬಾಟಲಿ ಬೇರೆ ಮಾರುತ್ತಾರೆ, ಅದನ್ನು ಒಳ್ಳೆ 20ಡಬ್ಲ್ಯೂ-50 ಮೇಲೆ ಸುರಿಯುವುದು ಬೇಡ. ಅಡುಗೆಗೆ ಉಪ್ಪು ಹಾಕಿದ ಮೇಲೆ ಮತ್ತೆ ಉಪ್ಪು ಹಾಕಿದ ಹಾಗೆ. ಹೊಸ ಕ್ಯಾಮ್‌ಶಾಫ್ಟ್ ಕೂರಿಸಿದಾಗ ಮಾತ್ರ ಇದರ ಲೆಕ್ಕ ಬೇರೆ. ಆಗ ಜೋಡಿಸುವಾಗಲೇ ಕ್ಯಾಮ್ ಉಬ್ಬುಗಳಿಗೆ ಅಸೆಂಬ್ಲಿ ಪೇಸ್ಟ್ ಹಚ್ಚಿ, ಸತು ಜಾಸ್ತಿ ಇರುವ ರನ್ನಿಂಗ್-ಇನ್ ಆಯಿಲ್ ಹಾಕಿ, ಮೊದಲ ಸ್ಟಾರ್ಟಿನಲ್ಲೇ ಐಡ್ಲಿಂಗಿಗೆ ಬಿಡದೆ 2000 ಆರ್‌ಪಿಎಂ ಸುತ್ತಮುತ್ತ 20 ನಿಮಿಷ ಓಡಿಸಿ. ಐಡ್ಲಿಂಗಿನಲ್ಲಿ ಕ್ಯಾಮ್ ಮೇಲೆ ಆಯಿಲ್ ಚಿಮ್ಮುವುದು ಕಡಿಮೆ, ಹೊಸ ಕ್ಯಾಮ್ ಆ ಇಪ್ಪತ್ತು ನಿಮಿಷದಲ್ಲೇ ಹಾಳಾದ ಉದಾಹರಣೆಗಳಿವೆ.

5. ಮಿನರಲ್ಲಾ, ಸಿಂಥೆಟಿಕ್ಕಾ? ತೊಳೆಯುವ ಆಯಿಲಾ?

ನನ್ನ ಆಯ್ಕೆ ಮಿನರಲ್, ಅಂದರೆ ಕಚ್ಚಾ ತೈಲದಿಂದ ನೇರ ಶುದ್ಧಿ ಮಾಡಿದ್ದು. ಸಿಂಥೆಟಿಕ್ ಕೆಟ್ಟದ್ದು ಅಂತಲ್ಲ. ಅದು ಬಿಸಿ ತಡೆಯುತ್ತದೆ, ಜಾಸ್ತಿ ದಿನ ಬಾಳುತ್ತದೆ. ಆದರೆ ನಾವು ವರ್ಷಕ್ಕೊಮ್ಮೆ ಹೇಗೂ ಚೆಲ್ಲುತ್ತೇವೆ, ಆ ಬಾಳಿಕೆಗೆ ದುಪ್ಪಟ್ಟು ದುಡ್ಡು ಯಾಕೆ? ಜೊತೆಗೆ, ಹಳೇ ಕಾರ್ಕ್ ಪ್ಯಾಕಿಂಗ್ ಮತ್ತು ಹಗ್ಗದ ಸೀಲ್ ಇರುವ ಇಂಜಿನ್ನುಗಳಲ್ಲಿ ವರ್ಷಗಳ ಜಿಡ್ಡೇ ಅರ್ಧ ಸೀಲ್ ಆಗಿ ಕೂತಿರುತ್ತದೆ, ಅದು ತೊಳೆದುಹೋದರೆ ಹನಿ ಶುರುವಾಗುತ್ತದೆ.

ಹನಿ ಅಂದಾಗ ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಮಾತು. ಆ 1489 ಸಿಸಿ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಹಿಂಬದಿಗೆ ಈಗಿನಂಥ ರಬ್ಬರ್ ಸೀಲ್ ಇಲ್ಲವೇ ಇಲ್ಲ. ಕ್ರ್ಯಾಂಕಿನ ಮೇಲೆ ಸ್ಕ್ರೂವಿನ ಸುರುಳಿಯಂಥ ಗೆರೆ ಕೊರೆದಿರುತ್ತಾರೆ, ತಿರುಗುವಾಗ ಅದು ಆಯಿಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಿಂತಾಗ ಒಂದೆರಡು ಹನಿ ಬೀಳುವುದು ಅದರ ಹುಟ್ಟುಗುಣ. ಹನಿ ಜಾಸ್ತಿಯಾದರೆ ಆಯಿಲ್ ದಪ್ಪ ಮಾಡುವ ಮೊದಲು ಬ್ರೀದರ್ ಪೈಪ್ ಬಿಚ್ಚಿ ತೊಳೆಯಿರಿ. ಅದು ಕಟ್ಟಿಕೊಂಡರೆ ಒಳಗಿನ ಗಾಳಿಯ ಒತ್ತಡ ಆಯಿಲನ್ನು ಎಲ್ಲಾ ಸಂದಿನಿಂದ ಹೊರಕ್ಕೆ ತಳ್ಳುತ್ತದೆ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ.

ಈಗ ತೊಳೆಯುವ ಗುಣ, ಅಂದರೆ ಡಿಟರ್ಜೆಂಟ್. ತುಂಬಾ ಹಿಂದಿನ ಆಯಿಲಿನಲ್ಲಿ ಇದು ಇರಲಿಲ್ಲ, ಕೊಳೆಯೆಲ್ಲ ಚೇಂಬರಿನ ತಳದಲ್ಲಿ ಗಸಿಯಾಗಿ ಕೂರುತ್ತಿತ್ತು. ಇವತ್ತಿನ ಎಲ್ಲಾ ಒಳ್ಳೆ ಆಯಿಲಿನಲ್ಲೂ ಡಿಟರ್ಜೆಂಟ್ ಇದೆ, ಇರಬೇಕು. ಅಪಾಯ ಬರುವುದು ಒಂದೇ ಸಂದರ್ಭದಲ್ಲಿ: ಇಪ್ಪತ್ತು ಮೂವತ್ತು ವರ್ಷ ನಿಂತ, ಒಳಗೆ ಗಸಿ ತುಂಬಿದ ಇಂಜಿನ್ನಿಗೆ ಹೊಸ ಆಯಿಲ್ ಸುರಿದು ಸೀದಾ ಓಡಿಸಿದಾಗ. ಗಸಿ ಕರಗಿ, ಕಳಚಿ, ಆಯಿಲ್ ಪಂಪಿನ ಜಾಲರಿಗೆ ಬಂದು ಕೂರುತ್ತದೆ. ಆಮೇಲೆ ಪ್ರೆಶರ್ ಇಲ್ಲ, ಬೇರಿಂಗ್ ಇಲ್ಲ. ಇಂಥ ಇಂಜಿನ್ನಿಗೆ ಮೊದಲು ಚೇಂಬರ್ ಇಳಿಸಿ, ಗಸಿ ಕೈಯಲ್ಲೇ ಕೆರೆದು ತೆಗೆದು, ಜಾಲರಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ ಕೂರಿಸಿ. ಆಮೇಲೆ ಸಾಧಾರಣ ಬೆಲೆಯ ಆಯಿಲ್ ಹಾಕಿ 200 ಕಿಲೋಮೀಟರ್, ಚೆಲ್ಲಿ ಮತ್ತೆ ಹಾಕಿ 500 ಕಿಲೋಮೀಟರ್, ಅದಾದ ಮೇಲೆ ನಿಮ್ಮ ಮಾಮೂಲಿ ಆಯಿಲ್. ಡೀಸೆಲ್ ಸುರಿದು ಫ್ಲಷ್ ಮಾಡಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ, ಬೇರಿಂಗಿಗೆ ಆಯಿಲ್ ಮಾಡುವ ಕೆಲಸವನ್ನು ಡೀಸೆಲ್ ಮಾಡುವುದಿಲ್ಲ.

6. ಬೈಕ್ ಇಟ್ಟುಕೊಂಡವರಿಗೆ

ಎರಕದ ಕಬ್ಬಿಣದ ಹಳೇ ಬುಲೆಟ್ಟಿಗೆ 20ಡಬ್ಲ್ಯೂ-50. ಇದು ಡ್ರೈ ಸಂಪ್ ಇಂಜಿನ್. ಆಯಿಲ್ ಇರುವುದು ಇಂಜಿನ್ ಎರಕದಲ್ಲೇ ಮಾಡಿದ ಬೇರೆ ತೊಟ್ಟಿಯಲ್ಲಿ, ಪಂಪು ಅಲ್ಲಿಂದ ಎಳೆದು ಕೊಟ್ಟು ಮತ್ತೆ ವಾಪಸ್ ಕಳಿಸುತ್ತದೆ. ವಾರಗಟ್ಟಲೆ ನಿಂತರೆ ತೊಟ್ಟಿಯ ಆಯಿಲ್ ಪಂಪಿನ ಸಂದಿನಿಂದ ಕ್ರ್ಯಾಂಕಿನ ಕಡೆಗೆ ಜಿನುಗುತ್ತದೆ. ಆಗ ಡಿಪ್‌ಸ್ಟಿಕ್ ಎಳೆದರೆ ಆಯಿಲೇ ಇಲ್ಲ ಅನಿಸುತ್ತದೆ. ಅಯ್ಯೋ ಅಂತ ಅರ್ಧ ಲೀಟರ್ ಸುರಿದರೆ, ಸ್ಟಾರ್ಟ್ ಆದ ಮೇಲೆ ಎಲ್ಲಾ ವಾಪಸ್ ಬಂದು ಬ್ರೀದರ್ ಪೈಪಿನಿಂದ ಉಕ್ಕುತ್ತದೆ. ಈ ತಪ್ಪು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ಮಟ್ಟ ನೋಡಿ. ಈ ಬುಲೆಟ್ಟಿನಲ್ಲಿ ಕ್ಲಚ್ ಇರುವ ಚೈನ್ ಕೇಸ್ ಬೇರೆ, ಗೇರ್ ಬಾಕ್ಸ್ ಬೇರೆ, ಮೂರಕ್ಕೂ ಆಯಿಲ್ ಬೇರೆ ಬೇರೆ.

ಕ್ಲಚ್ ಆಯಿಲಿನಲ್ಲೇ ಮುಳುಗಿರುವ ಎಲ್ಲಾ ಬೈಕಿಗೂ ಒಂದು ನಿಯಮ: ಆ ಜಾಗಕ್ಕೆ ಹೋಗುವ ಡಬ್ಬಿ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' ಇರಲಿ. ಜಾಸೋ ಅಂದರೆ ಜಪಾನಿನ ಮಾನದಂಡ. ಕಾರಿನ ಕೆಲವು ತೆಳು ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಇರುತ್ತದೆ, ಅದು ಕ್ಲಚ್ ಪ್ಲೇಟನ್ನೂ ಜಾರಿಸುತ್ತದೆ. 'ಎಂಬಿ' ಅಂತಿದ್ದರೆ ಅದು ಗೇರಿಲ್ಲದ ಸ್ಕೂಟರಿಗೆ, ತೆಗೆದುಕೊಳ್ಳಬೇಡಿ.

ಇನ್ನು ಜಾವಾ, ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಆದರೆ ಗಾಡಿಗಳು ಇನ್ನೂ ಬೀದಿ ಬೀದಿಯಲ್ಲಿ ಓಡುತ್ತಿವೆ. ಇವುಗಳಲ್ಲಿ ಇಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆ ಬೆರೆತೇ. ಕಾರಿನ ಆಯಿಲ್ ಬೆರೆಸಬೇಡಿ, ಅದು ಸುಟ್ಟಾಗ ಬೂದಿ ಉಳಿದು ಪ್ಲಗ್ ಕಟ್ಟಿಕೊಳ್ಳುತ್ತದೆ. 'ಜಾಸೋ ಎಫ್‌ಸಿ' ಅಥವಾ 'ಎಫ್‌ಡಿ' ಬರೆದಿರುವ 2ಟಿ ಆಯಿಲ್ ತನ್ನಿ. ಅಳತೆ: 1:25 ಅಂದರೆ ಲೀಟರಿಗೆ 40 ಎಂಎಲ್, 1:33 ಅಂದರೆ 30 ಎಂಎಲ್, 1:50 ಅಂದರೆ 20 ಎಂಎಲ್. ಆ ಕಾಲದ ಆಯಿಲಿಗೆ 1:20, 1:25 ಸಾಮಾನ್ಯವಾಗಿತ್ತು. ಈಗಿನ ಆಯಿಲಿಗೆ 30 ಎಂಎಲ್ ಸುಮಾರಿಗೆ ಸಾಕು ಅಂತ ನನ್ನ ಅನುಭವ, ಹೊಸ ಬೋರ್ ಆದರೆ ಮೊದಲ 500 ಕಿಲೋಮೀಟರಿಗೆ 40. ಹೊಗೆ ಕಡಿಮೆ ಮಾಡಲು ಅಳತೆ ಇಳಿಸುತ್ತಾ ಹೋದರೆ ಪಿಸ್ಟನ್ ಕಚ್ಚುತ್ತದೆ.

ಘಾಟಿ ಇಳಿಯುವಾಗ ಇನ್ನೊಂದು ಅಪಾಯ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಎಕ್ಸಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಹೋಗುತ್ತಿರುವುದಿಲ್ಲ. ಪೆಟ್ರೋಲ್ ಇಲ್ಲ ಅಂದರೆ ಆಯಿಲೂ ಇಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಎಕ್ಸಲರೇಟರ್ ಕೊಡುತ್ತಿರಿ.

ರೇಸಿನವರು ಹಾಕುತ್ತಿದ್ದರು ಅಂತ ಹರಳೆಣ್ಣೆ ಬೆರೆಸಲು ಕೇಳುವವರಿದ್ದಾರೆ. ಕ್ಯಾಸ್ಟ್ರಾಲ್ ಅನ್ನುವ ಹೆಸರೇ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ ಬಂದದ್ದು, ನಿಜ. ಆದರೆ ಅದು ಮಿನರಲ್ ಆಯಿಲಿನ ಜೊತೆ ಸರಿಯಾಗಿ ಬೆರೆಯುವುದಿಲ್ಲ, ನಿಂತ ಗಾಡಿಯಲ್ಲಿ ಅಂಟಾಗುತ್ತದೆ. ಪ್ರತಿ ರೇಸ್ ಆದ ಮೇಲೆ ಇಂಜಿನ್ ಬಿಚ್ಚುವವರಿಗೆ ಅದು ಸರಿ.

7. ಕೊಳ್ಳುವಾಗ

ಯಾವ ಕಂಪನಿ ಅನ್ನುವುದು ನನಗೆ ದೊಡ್ಡ ಪ್ರಶ್ನೆ ಅಲ್ಲ. ಗ್ರೇಡ್ ಮತ್ತು ದರ್ಜೆ ಸರಿ ಇದ್ದು, ಹೆಸರುವಾಸಿ ಕಂಪನಿ ಆಗಿದ್ದರೆ ಸಾಕು. ನಕಲಿಯ ಭಯ ಮಾತ್ರ ನಿಜ. ಮುಚ್ಚಳದ ಸೀಲ್, ಬ್ಯಾಚ್ ನಂಬರ್, ತಯಾರಾದ ತಿಂಗಳು ನೋಡಿ. ಬಿಡಿಯಾಗಿ ಅಳೆದು ಕೊಡುವ ಆಯಿಲ್ ಬೇಡ. ಖಾಲಿ ಡಬ್ಬಿಯನ್ನು ತೂತು ಮಾಡಿ ಎಸೆಯಿರಿ, ಯಾರೂ ಮತ್ತೆ ತುಂಬಿಸದ ಹಾಗೆ.

8. ಬದಲಾಯಿಸುವುದು

ಇಂಜಿನ್ ಬಿಸಿ ಇರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಿ. ತಣ್ಣಗಿದ್ದರೆ ಗಸಿ ತಳದಲ್ಲೇ ಉಳಿಯುತ್ತದೆ. ಕೈ ಸುಟ್ಟುಕೊಳ್ಳಬೇಡಿ. ಅರ್ಧ ಗಂಟೆ ಸುರಿಯಲು ಬಿಡಿ.

ಟ್ರೇಯನ್ನು ಬಿಸಿಲಿಗೆ ತಂದು ಓರೆ ಮಾಡಿ ನೋಡಿ. ಸೀರೆಯ ಜರಿಯ ಪುಡಿ ಉದುರಿಸಿದಂತೆ ಮಿನುಗು ಕಾಣುತ್ತದೆಯಾ? ಮ್ಯಾಗ್ನೆಟ್ ಆಡಿಸಿ. ಅಂಟಿಕೊಂಡರೆ ಕಬ್ಬಿಣ, ಅಂದರೆ ಕ್ಯಾಮ್, ಟ್ಯಾಪೆಟ್, ರಿಂಗಿನ ಕಡೆಯದು. ಅಂಟದೆ ಮಿನುಗಿದರೆ ಬೇರಿಂಗಿನ ಬಿಳಿ ಲೋಹ ಅಥವಾ ತಾಮ್ರ. ಸ್ವಲ್ಪ ಇದ್ದರೆ ಮುಂದಿನ ಸಲಕ್ಕೆ ಹೋಲಿಸಲು ಫೋಟೋ ತೆಗೆದಿಡಿ, ಚೂರು ಚೂರಾಗಿ ಕಂಡರೆ ಚೇಂಬರ್ ಇಳಿಸಲೇಬೇಕು.

ತಾಮ್ರದ ವಾಷರ್ ಹೊಸದು ಸಿಗದಿದ್ದರೆ ಹಳೆಯದನ್ನು ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಗಾಗುವ ತನಕ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗಿ ಮತ್ತೆ ಚೆನ್ನಾಗಿ ಕೂರುತ್ತದೆ.

ಬಟ್ಟಲಿನೊಳಗೆ ಫಿಲ್ಟರ್ ಕೂರುವ ಹಳೇ ಮಾದರಿಯಲ್ಲಿ ಒಂದು ಬಲೆ ಇದೆ. ಬಟ್ಟಲು ಕೂರುವ ಅಂಚಿನ ಕಾಲುವೆಯಲ್ಲಿ ಹಳೇ ರಬ್ಬರ್ ಉಂಗುರ ಗಟ್ಟಿಯಾಗಿ ಲೋಹದ ಥರವೇ ಕಾಣುತ್ತದೆ. ಅದನ್ನು ತೆಗೆಯದೆ ಮೇಲೊಂದು ಹೊಸ ಉಂಗುರ ಹಾಕಿದರೆ ರಸ್ತೆಯಲ್ಲಿ ಆಯಿಲೆಲ್ಲ ಸುರಿದುಹೋಗುತ್ತದೆ. ಟಾರ್ಚ್ ಬಿಟ್ಟು ನೋಡಿ, ಸೂಜಿಯ ತುದಿಯಿಂದ ಮೀಟಿ ತೆಗೆಯಿರಿ.

ಹೊಸ ಆಯಿಲ್ ಹಾಕಿದ ಮೇಲೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಾಯಿಲ್ ವೈರ್ ತೆಗೆದು ಅರ್ತ್ ಮಾಡಿ, ಪ್ರೆಶರ್ ಮುಳ್ಳು ಏಳುವ ತನಕ ಅಥವಾ ಕೆಂಪು ದೀಪ ಆರುವ ತನಕ ಸೆಲ್ಫ್ ಹೊಡೆಯಿರಿ, ಒಂದೊಂದು ಸಲಕ್ಕೆ ಹತ್ತು ಸೆಕೆಂಡ್. ಆಮೇಲೆ ಸ್ಟಾರ್ಟ್. ತಿಂಗಳುಗಟ್ಟಲೆ ನಿಂತ ಗಾಡಿಗೆ ಇದು ಪ್ರತಿ ಸಲವೂ ಒಳ್ಳೆಯದು. ಮಟ್ಟ 'ಫುಲ್' ಗೆರೆ ದಾಟಬಾರದು. ಜಾಸ್ತಿಯಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಪ್ರೆಶರ್ ಬರುವುದಿಲ್ಲ.

9. ಹಾಕಿದ ಮೇಲೆ

ಅರ್ಧ ಗಂಟೆ ಓಡಿಸಿ, ಇಂಜಿನ್ ಪೂರ್ತಿ ಬಿಸಿಯಾದಾಗ ಪ್ರೆಶರ್ ನೋಡಿ. ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ: ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. 20ಡಬ್ಲ್ಯೂ-50 ಹಾಕಿಯೂ ಬಿಸಿಯಲ್ಲಿ ಇಷ್ಟು ಬರದಿದ್ದರೆ ಮೊದಲು ಬೇರೆ ಮೀಟರ್ ಹಾಕಿ ಖಾತ್ರಿ ಮಾಡಿಕೊಳ್ಳಿ, ಹಳೇ ಮೀಟರ್ ಸುಳ್ಳು ಹೇಳುವುದು ಮಾಮೂಲು. ಆಮೇಲೆ ರಿಲೀಫ್ ವಾಲ್ವ್ ಸ್ಪ್ರಿಂಗ್, ಪಂಪು, ಕೊನೆಗೆ ಬೇರಿಂಗ್.

ಎಷ್ಟು ದಿನಕ್ಕೆ ಬದಲಾಯಿಸಬೇಕು? ಆಯಿಲ್ ಪೂರ್ತಿ ಫಿಲ್ಟರ್ ಹಾದು ಬರುವ ಇಂಜಿನ್ನಿಗೆ 3000 ಕಿಲೋಮೀಟರ್ ಅಥವಾ ಒಂದು ವರ್ಷ, ಬೈಪಾಸ್ ಫಿಲ್ಟರಿನದ್ದಕ್ಕೆ 1500ರಿಂದ 2000, ಯಾವುದು ಮೊದಲೋ ಅದು. ಮಳೆಗಾಲಕ್ಕೆ ಗಾಡಿ ಒಳಗೆ ನಿಲ್ಲಿಸುವವರು ನಿಲ್ಲಿಸುವ ಮುಂಚೆ ಬದಲಾಯಿಸಿ, ಸೆಪ್ಟೆಂಬರಿನಲ್ಲಿ ಹೊರಗೆ ತೆಗೆದ ಮೇಲೆ ಅಲ್ಲ. ಓಡಿದ ಆಯಿಲಿನಲ್ಲಿ ಆಮ್ಲವೂ ತೇವವೂ ಸೇರಿರುತ್ತದೆ, ಮೂರು ನಾಲ್ಕು ತಿಂಗಳು ಅದು ಬೇರಿಂಗಿನ ಮೇಲೆ ಸುಮ್ನೆ ಕೂತಿರುವುದಿಲ್ಲ, ತಿನ್ನುತ್ತದೆ. ಎರಡು ಸ್ಟ್ರೋಕಿನ ಗಾಡಿಯಾದರೆ ಬೆರೆಸಿದ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ತೇವ ಎಳೆದುಕೊಳ್ಳುತ್ತದೆ. ಬೇಕಾದಾಗ ಹೊಸದಾಗಿ ಬೆರೆಸಿಕೊಳ್ಳಿ.

ತೆಗೆದ ಹಳೇ ಆಯಿಲನ್ನು ಚರಂಡಿಗೋ ತೋಟದ ಬೇಲಿಗೋ ಸುರಿಯಬೇಡಿ. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ, ಬಾವಿ ನೀರಿಗೆ ಇಳಿದರೆ ಹೋಗುವುದಿಲ್ಲ. ಹಳೇ ಕ್ಯಾನಿಗೆ ತುಂಬಿ, ಮರುಬಳಕೆಗೆ ಕೊಡುವ ಸರ್ವಿಸ್ ಸ್ಟೇಷನ್ನಿಗೆ ಒಪ್ಪಿಸಿ. ಹಾಕಿದ ತಾರೀಕು, ಕಿಲೋಮೀಟರ್, ಗ್ರೇಡ್, ಕಂಪನಿ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಕಟ್ಟಿಬಿಡಿ. ಬೈಕಾದರೆ ಟೂಲ್ ಬಾಕ್ಸಿನ ಮುಚ್ಚಳದ ಒಳಬದಿ.